ಗೋಡೆ ಒರೆಸಿದ ಯುಗಾದಿ

...ಅಥವಾ ಆ ಮಾತನ್ನು ಅವರು ಹೇಳಲೇ ಇಲ್ಲವೇನೋ. "ಮೊದಲನೇ ಚಳಿಗಾಲ ನಮ್ಮದಲ್ಲ, ಗೋಡೇದು" ಎಂಬ ಮಾತು ನನ್ನ ತಲೆಯಲ್ಲಿ ಅವರ ದನಿಯಲ್ಲೇ ಇದೆ, ಆದರೆ ಕನ್ನಡದಲ್ಲಿದೆ. ಶಾಲೆಯ ಗೇಟಿನೊಳಗೆ ನಮ್ಮ ಮಿಸ್ ಕನ್ನಡ ಆಡುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಯಾವಾಗಲೋ ಕನ್ನಡ ಮಾಡಿಕೊಂಡಿರಬೇಕು. ಇಲ್ಲವೇ ನಮ್ಮ ಅಡುಗೆಮನೆಯಲ್ಲಿ ಕೂತು ಹೇಳಿರಬೇಕು. ಅದೂ ಅಲ್ಲದಿದ್ದರೆ ನಾನೇ ಕಟ್ಟಿ ಅವರ ಬಾಯಿಗೆ ಹಾಕಿದ್ದೇನೆ.

ಹೋದ ತಿಂಗಳು ಇಲ್ಲಿ ಐರ್ಲೆಂಡಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೊ ಬಂತು. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ತೀರಿಕೊಂಡರು ಎಂದು ಅರ್ಥವಾಗುವ ಮೊದಲು, ಇವರು ಯಾರು ಎಂದು ನಾನು ಸ್ವಲ್ಪ ಹೊತ್ತು ನೋಡಿದೆ. ನನ್ನ ನೆನಪಿನಲ್ಲಿದ್ದವರು ಆ ಫೋಟೊದವರಿಗಿಂತ ಎತ್ತರವಾಗಿದ್ದರು. ಅಂದಿನಿಂದ ನೆನಪು ಒಂದೊಂದನ್ನೇ ತೊಳೆದು ಒರೆಸಿ ತಂದುಕೊಡುತ್ತಿದೆ. ಎಷ್ಟು ಅಚ್ಚುಕಟ್ಟಾಗಿ ಕೊಡುತ್ತದೋ ಅಷ್ಟೂ ನನಗೆ ಅನುಮಾನ.

ಹೆಸರು ಬರೆಯುವುದಿಲ್ಲ. ನೇಸ್ ಎಂಬ ಊರಿನ ನಮ್ಮ ಶಾಲೆಯಲ್ಲಿ ಎಲ್ಲ ಹುಡುಗಿಯರಿಗೂ ಅವರು ಬರೀ ಮಿಸ್. ಇಲ್ಲಿ ಟೀಚರುಗಳನ್ನು ಕರೆಯುವುದೇ ಹಾಗೆ. ಅಮ್ಮನಿಗೆ ಅವರು ಮೇಡಂ, ಅವರಿಗೆ ಅಮ್ಮ ಡಾಕ್ಟ್ರು. ಮೈಸೂರಿನ ಪಿಯು ಕಾಲೇಜೊಂದರಲ್ಲಿ ಫಿಸಿಕ್ಸ್ ಹೇಳುತ್ತಿದ್ದವರು ಗಂಡನ ಕೆಲಸದ ಹಿಂದೆ ಐರ್ಲೆಂಡಿಗೆ ಬಂದು, ತಮ್ಮ ಡಿಗ್ರಿಗಳನ್ನು ಇಲ್ಲಿನವರು ಒಪ್ಪುವವರೆಗೂ ಕಾದು, ಆಮೇಲೆ ಹೆರಿಗೆ ರಜೆಯ ಮೇಲೆ ಹೋದ ಟೀಚರುಗಳ ಜಾಗದಲ್ಲಿ ನಿಲ್ಲುತ್ತಾ ನಮ್ಮ ಶಾಲೆ ಸೇರಿದ್ದರು. ಕೆಲಸ ವರ್ಷ ವರ್ಷಕ್ಕೆ. ಮುಂದಿನ ವರ್ಷ ಇದ್ದಾರೋ ಇಲ್ಲವೋ ಎಂಬುದು ಬೇಸಿಗೆಯ ಕೊನೆಗೆ ಗೊತ್ತಾಗುತ್ತಿತ್ತು. ಅಮ್ಮನದು ಅದಕ್ಕಿಂತ ಕಡೆ. ಇಲ್ಲಿ ಕಿರಿಯ ವೈದ್ಯರು ಜನವರಿಗೊಮ್ಮೆ ಜುಲೈಗೊಮ್ಮೆ ಆಸ್ಪತ್ರೆ ಬದಲಾಯಿಸಬೇಕು, ಇಲ್ಲವೇ ಅದೇ ಆಸ್ಪತ್ರೆಯಲ್ಲಿ ಮತ್ತೆ ಆರು ತಿಂಗಳಿಗೆ ಬೇಡಿಕೊಳ್ಳಬೇಕು. ಒಬ್ಬರಿಗೆ ಒಂದು ವರ್ಷದ ನೆಲ, ಒಬ್ಬರಿಗೆ ಆರು ತಿಂಗಳ ನೆಲ. ಇಬ್ಬರೂ ಸೇರಿ ನನ್ನನ್ನು ಮೂರು ವರ್ಷದ ಪ್ರಯೋಗಕ್ಕೆ ಕೂರಿಸಿದರು. ಆಗ ಇದರಲ್ಲಿ ನಗುವಂಥದ್ದೇನೂ ನನಗೆ ಕಂಡಿರಲಿಲ್ಲ. ನನಗೆ ಹದಿಮೂರು ವಯಸ್ಸು, ಮೈಸೂರು ಬಿಟ್ಟು ಬಂದು ಒಂದು ವರ್ಷವೂ ಆಗಿರಲಿಲ್ಲ.

ಪ್ರಯೋಗ ಶುರುವಾದದ್ದು ನನ್ನ ಸಮವಸ್ತ್ರದ ವಾಸನೆಯಿಂದ. ಬಾಡಿಗೆ ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಅಪ್ಪ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದರು. ಬಟ್ಟೆ ಒಣಗುತ್ತಿದ್ದದ್ದು ಹೀಟರಿನ ಮೇಲೆ. ಉತ್ತರದ ಗೋಡೆಗೆ, ಕೆಳಗೆ ಅಡುಗೆಮನೆಯಲ್ಲೂ ಮೇಲೆ ನನ್ನ ಮಂಚದ ಪಕ್ಕದಲ್ಲೂ, ಕಪ್ಪು ಬೂಷ್ಟು ಹಿಡಿದಿತ್ತು. ಬಾಡಿಗೆಯ ಏಜೆಂಟ್ ಬಂದು ನೋಡಿ, ಮನೆಯಲ್ಲೇನೂ ದೋಷವಿಲ್ಲ, ನೀವು ಕುಕ್ಕರಿನಲ್ಲಿ ಅಷ್ಟೊಂದು ಹಬೆ ಎಬ್ಬಿಸುವುದೇ ಕಾರಣ ಎಂದು ಹೇಳಿ ಹೋಗಿದ್ದ. ಕ್ಲಾಸಿನಲ್ಲಿ ಯಾರೋ ನನ್ನ ಪಕ್ಕದಿಂದ ಎದ್ದು ಬೇರೆ ಕಡೆ ಕೂತರು. ನಾನು ಅತ್ತೆನಂತೆ. ಅತ್ತದ್ದು ನನಗೆ ನೆನಪಿಲ್ಲ, ಮಿಸ್ ಅಮ್ಮನಿಗೆ ಹಾಗೆ ಹೇಳಿದ್ದರು. ಸಮಾಧಾನವನ್ನೇನೂ ಅವರು ಮಾಡಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: ಏಜೆಂಟ್ ಹೇಳಿದ್ದು ತಪ್ಪು ಎಂದು ನಿನಗೆ ಹೇಗೆ ಗೊತ್ತು?

ಅವರ ಕಾರ್ಡಿಗನ್ನಿನ ತೋಳುಗಳು ಯಾವಾಗಲೂ ಅಂಗೈಯವರೆಗೆ ಎಳೆದುಕೊಂಡಿರುತ್ತಿದ್ದವು. ಬಿಸಿ ಬೀಕರನ್ನು ಆ ತೋಳಿನಿಂದಲೇ ಹಿಡಿಯುತ್ತಿದ್ದರು, ಬೋರ್ಡನ್ನೂ ಅದರಿಂದಲೇ ಒರೆಸುತ್ತಿದ್ದರು. ಬೇಗ ಮುಗಿಸಿ ಕೈ ಎತ್ತಿದ ಹುಡುಗಿಯನ್ನು ನೋಡಿದರೆ ಅವರಿಗೆ ಖುಷಿಯಾಗುತ್ತಿರಲಿಲ್ಲ, ಮೈಯಲ್ಲಿ ಹುಷಾರಿಲ್ಲದವರನ್ನು ನೋಡುವಂತೆ ನೋಡುತ್ತಿದ್ದರು. ಯೋಜನೆ ಹಾಕುವಾಗ ಕೊನೆಯಿಂದ ಶುರು ಮಾಡುತ್ತಿದ್ದರು. ಇಲ್ಲಿನ ಹೈಸ್ಕೂಲಿನ ನಾಲ್ಕನೆಯ ವರ್ಷ ಪರೀಕ್ಷೆಯ ಕಾಟವಿಲ್ಲದ ವರ್ಷ, ಕೊನೆಯ ಚಳಿಗಾಲ ಅಲ್ಲಿಗೆ ಬೀಳಬೇಕು. ಅದರ ಹಿಂದಿನದು ಪರೀಕ್ಷೆಯ ವರ್ಷ, ಅಲ್ಲಿ ಕೆಲಸ ಕಡಿಮೆ ಇರಬೇಕು. ಹಾಗಾದರೆ ಮೊದಲನೆಯದು ಈ ಅಕ್ಟೋಬರಿಗೇ. ಮೊದಲ ಚಳಿಗಾಲ ಹೇಗೆ ಬದುಕುತ್ತೀರೋ ಹಾಗೇ ಬದುಕಿ, ಬರೀ ಅಳೆಯಿರಿ. ಎರಡನೆಯದರಲ್ಲಿ ಅಡುಗೆಯ ಹಬೆಯನ್ನು ಹೊರಗೆ ಕಳಿಸಿ. ಮೂರನೆಯದರಲ್ಲಿ ಬಟ್ಟೆಯನ್ನು ಬೇರೆ ಕಡೆ ಒಣಗಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ಅಂದರೆ ಮೊದಲ ಚಳಿಗಾಲದಲ್ಲಿ ಏನನ್ನೂ ಮುಟ್ಟುವಂತಿಲ್ಲ. ಕಿಟಕಿ ಎಂದಿನಂತೆ ಮುಚ್ಚಿರಬೇಕು. ಗೋಡೆ ಒರೆಸಬಾರದು. ಭಾನುವಾರ ಬೆಳಿಗ್ಗೆ ತೇವ ಅಳೆಯುವ ಮೀಟರಿನ ಅಂಕಿ ಬರೆದುಕೊಂಡು, ಟ್ರೇಸಿಂಗ್ ಪೇಪರನ್ನು ಗೋಡೆಗೆ ಅಂಟಿಸಿ ಬೂಷ್ಟಿನ ಅಂಚನ್ನು ಪೆನ್ಸಿಲ್ಲಿನಿಂದ ಎಳೆಯುವುದು ನನ್ನ ಕೆಲಸ. ನಮ್ಮ ಮನೆಗೆ ಅಂಟಿಕೊಂಡ ಪಕ್ಕದ ಮನೆಯ ಹುಡುಗಿ ನನ್ನದೇ ಕ್ಲಾಸು, ಅದೇ ಕೆಲಸವನ್ನು ಅವಳು ಅವರ ಮನೆಯಲ್ಲಿ ಮಾಡುತ್ತಿದ್ದಳು. ಒಬ್ಬನೇ ಬಿಲ್ಡರ್ ಕಟ್ಟಿದ ಎರಡು ಮನೆ, ಬೇರೆ ಬೇರೆ ಅಡುಗೆ. ಮಿಸ್‌ಗೆ ಇದಕ್ಕಿಂತ ಚೆಂದದ ಪ್ರಯೋಗಶಾಲೆ ಬೇಕಿರಲಿಲ್ಲ. ನಾನು ಅದರೊಳಗೆ ಮಲಗುತ್ತಿದ್ದೆ. ಕಪ್ಪು ಅಂಚು ಕಿಟಕಿಯ ಕಡೆಯಿಂದ ದಿಂಬಿನ ಕಡೆಗೆ ಬರುತ್ತಿತ್ತು, ನಾನು ಅದರ ನಕ್ಷೆ ಬರೆಯುತ್ತಿದ್ದೆ. ಮಂಚ ಸರಿಸಲೇ ಎಂದು ಕೇಳಿದಾಗ ಮಿಸ್ ಯೋಚಿಸಿ, ಮಂಚ ಸರಿಸಿದರೆ ಗಾಳಿ ಓಡಾಡುವ ದಾರಿ ಬದಲಾಗುತ್ತದೆ ಎಂದರು. ಮಂಚ ಅಲ್ಲೇ ಉಳಿಯಿತು. ಕೆಟ್ಟವರಾಗಿದ್ದರೇ? ಇಲ್ಲ. ಮರುದಿನ ಉಣ್ಣೆಯ ಕಾಲುಚೀಲ ತಂದುಕೊಟ್ಟರು, ಕಾಲುಚೀಲದಿಂದ ಗೋಡೆಗೆ ಏನೂ ಆಗುವುದಿಲ್ಲ ಎಂದರು.

ಒಂದು ದಿನ ಲ್ಯಾಬಿನಲ್ಲಿ ಎಲ್ಲರನ್ನೂ ಕೂರಿಸಿ, ನಿಮ್ಮ ನಿಮ್ಮ ಪ್ರಾಜೆಕ್ಟ್ ಯಾವುದರಿಂದ ಕೆಡಬಹುದು ಹೇಳಿ ಎಂದಿದ್ದರು. ಬ್ಯಾಟರಿ ಸತ್ತುಹೋಗಬಹುದು. ಜ್ವರ ಬರಬಹುದು. ನಾಯಿ ಪೇಪರ್ ಕಚ್ಚಿಕೊಂಡು ಹೋಗಬಹುದು. ಅಪ್ಪ ಗೋಡೆಗೆ ಬಣ್ಣ ಹೊಡೆಯಬಹುದು ಎಂದಳು ಪಕ್ಕದ ಮನೆಯವಳು. ಅಮ್ಮನಿಗೆ ವರ್ಗವಾಗಬಹುದು ಎಂದು ನಾನು ಹೇಳಲಿಲ್ಲ. ಹೇಳದೆ ಇದ್ದರೆ ಆಗುವುದಿಲ್ಲ ಎಂದಲ್ಲ. ಆಗಲಿ ಎಂದೇ ಆಸೆ ಇತ್ತು. ಮಿಸ್ ಎಲ್ಲವನ್ನೂ ಕೇಳಿಸಿಕೊಂಡು, ಇದರಲ್ಲಿ ಇಲ್ಲದ್ದೇ ಒಂದು ದಿನ ಆಗುತ್ತದೆ ಎಂದರು. ಇದು ನಿಜವಾಗಿ ಹೇಳಿದ್ದೇ, ಆಮೇಲೆ ಆದದ್ದಕ್ಕೆ ಹೊಂದಲಿ ಎಂದು ನೆನಪು ಹೊಲಿದ ತುಂಡೇ? ಇಲ್ಲಿ ಬಿಟ್ಟಿದ್ದೇನೆ, ನಂಬಬೇಕಾಗಿಲ್ಲ.

ಮಾರ್ಚಿನಲ್ಲಿ ಅಮ್ಮನಿಗೆ ದೂರದ ಕಾರ್ಕ್ ನಗರದ ಆಸ್ಪತ್ರೆಯಿಂದ ಫೋನ್ ಬಂತು. ಜುಲೈನಿಂದ ಅಲ್ಲಿ ತರಬೇತಿಯ ಜಾಗ. ಇಲ್ಲಿ ಅದನ್ನು ಸ್ಕೀಮ್ ಅನ್ನುತ್ತಾರೆ. ಹೊರದೇಶದಿಂದ ಬಂದ ವೈದ್ಯರಿಗೆ ಅದು ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕರೆ ಕೆಲವು ವರ್ಷಕ್ಕೆ ಕನ್ಸಲ್ಟೆಂಟ್, ಎಲ್ಲರ ಮೇಲಿನ ಹಿರಿಯ ವೈದ್ಯೆ. ಸಿಗದಿದ್ದರೆ ಕೂದಲು ಬೆಳ್ಳಗಾದರೂ ಅವರ ಕೈಕೆಳಗಿನ ರಿಜಿಸ್ಟ್ರಾರ್. ಶುಕ್ರವಾರದೊಳಗೆ ಉತ್ತರ ಹೇಳಬೇಕಿತ್ತು. ಅಮ್ಮ ಫೋನಿಟ್ಟು ನನ್ನ ಕಡೆ ನೋಡಿ, ಕಾರ್ಕ್‌ನಲ್ಲಿ ಆಸ್ಪತ್ರೆಯ ಹತ್ತಿರವೇ ಹೊಸ ಫ್ಲಾಟುಗಳಿವೆಯಂತೆ ಎಂದಳು. ಅಷ್ಟೇ. ನಾನು ಮೇಲೆ ಹೋಗಿ ಗೋಡೆ ನೋಡಿದೆ. ನಿನ್ನಿಂದ ಬಿಡುಗಡೆ ಎಂದು ಗೋಡೆಗೆ ಹೇಳಿದೆ. ಈ ಒಂದು ಮಾತು ಮಾತ್ರ ಆಡಿದ್ದು ಖಂಡಿತ.

ಅದೇ ವಾರ ಯುಗಾದಿ. ಅಮ್ಮ ರಜೆ ಹಾಕಿದ್ದಳು. ಹಬ್ಬಗಳಿಗೆ ಮಿಸ್ ನಮ್ಮಲ್ಲಿಗೇ ಊಟಕ್ಕೆ ಬರುತ್ತಿದ್ದರು. ಅವರ ಗಂಡ ವಾರವೆಲ್ಲ ಲಂಡನ್ನಿನಲ್ಲಿ ಇರುತ್ತಿದ್ದರು, ಮಕ್ಕಳಿರಲಿಲ್ಲ. ನಾನು ಶಾಲೆಯಿಂದ ಬಂದು ಬಾಗಿಲು ತೆಗೆದಾಗ ಒಬ್ಬಟ್ಟಿನ ವಾಸನೆಗಿಂತ ಮೊದಲು ಬ್ಲೀಚಿನ ವಾಸನೆ ಬಂತು. ಅಡುಗೆಮನೆಯ ಗೋಡೆ ಬಿಳಿ. ಓಡಿ ಮೇಲೆ ಹೋದೆ, ನನ್ನ ಕೋಣೆಯ ಗೋಡೆಯೂ ಬಿಳಿ.

"ಏನಮ್ಮಾ ಮಾಡ್ದೆ?"

"ಹಬ್ಬ ಕಣೇ ಇವತ್ತು. ಆ ಕಪ್ಪು ಗೋಡೆ ಎದುರಿಗೆ ಇಟ್ಕೊಂಡು ಒಬ್ಬಟ್ಟು ತಟ್ಲಾ ನಾನು?" ಎಂದಳು ಅಮ್ಮ. ಆಮೇಲೆ ಅವಳ ಕೈ ನಿಂತಿತು.

ಮರೆತಿದ್ದಳು ಎಂದರೆ ಸರಿಯಾಗುವುದಿಲ್ಲ. ಅವಳು ರೋಗಿಯ ಚಾರ್ಟಿನಲ್ಲಿ ಒಂದು ಅಂಕಿ ತಪ್ಪಿದರೆ ಕೆರಳುವವಳು. ಆ ಗೋಡೆಯೇ ನಮ್ಮ ಚಾರ್ಟು ಎಂದು ಅವಳಿಗೆ ಗೊತ್ತಿತ್ತು. ಆದರೆ ಹಬ್ಬದ ಬೆಳಿಗ್ಗೆ ಮನೆ ತೊಳೆಯುವುದು ತಲೆಯ ಕೆಲಸವಲ್ಲ, ಕೈಯ ಕೆಲಸ. ನೆಲ ಮುಗಿಸಿದ ಕೈ ಗೋಡೆಗೆ ಹೋಗಿದೆ.

ಸಂಜೆ ಮಿಸ್ ಬಂದರು. ಇಲ್ಲಿಂದ ನನ್ನ ಹತ್ತಿರ ಎರಡು ದೃಶ್ಯಗಳಿವೆ. ನನ್ನದರಲ್ಲಿ ಅವರು ಕೋಟು ಬಿಚ್ಚದೆ ನೇರ ಗೋಡೆಯ ಹತ್ತಿರ ಹೋಗಿ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವಂತೆ ಹಿಂಗೈಯನ್ನು ಗೋಡೆಗೆ ಇಟ್ಟು, ಜೋರಾಗಿ ನಕ್ಕರು. ಅಮ್ಮ ಹೇಳುವ ದೃಶ್ಯದಲ್ಲಿ ನಗುವೇ ಇಲ್ಲ. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು, ಅಮ್ಮ ನೀರು ಕೊಟ್ಟಳು. ಮುಂದಿನ ಮಾತಿನಲ್ಲಿ ಮಾತ್ರ ನಮ್ಮಿಬ್ಬರ ನೆನಪೂ ಒಂದೇ.

"ಮಕ್ಳನ್ನೆಲ್ಲಾ ಕೂರ್ಸಿ ಏನೇನ್ ಕೆಡಬಹುದು ಅಂತ ಕೇಳ್ದೆ ಡಾಕ್ಟ್ರೇ. ಯುಗಾದಿ ಅಂತ ಯಾರೂ ಹೇಳ್ಲಿಲ್ಲ. ಹೇಳ್ಬೇಕಾಗಿದ್ದೋಳು ನಾನು. ನಾನೇ ಭಾನುವಾರ ನಮ್ಮನೆ ಗೋಡೆಯೆಲ್ಲಾ ತೊಳ್ದಿದೀನಿ."

"ಈಗೇನ್ಮಾಡೋದು ಮೇಡಂ?"

"ಮೊದಲನೇ ಚಳಿಗಾಲ ಮತ್ತೆ ಮಾಡೋದು. ಬರೋ ಅಕ್ಟೋಬರಿಂದ."

ಅಮ್ಮ ತುಪ್ಪದ ಚಮಚ ಹಿಡಿದು ನಿಂತಿದ್ದಳು. ಕಾರ್ಕ್‌ಗೆ ಹೂಂ ಎಂದರೆ ಬರುವ ಅಕ್ಟೋಬರಿಗೆ ನಾವು ಈ ಮನೆಯಲ್ಲೇ ಇರುವುದಿಲ್ಲ. ಅದನ್ನು ಆಗ ಅವಳು ಹೇಳಲಿಲ್ಲ, ಇನ್ನೊಂದು ಒಬ್ಬಟ್ಟು ಹಾಕಲೇ ಎಂದು ಕೇಳಿದಳು. ಹಿರಿಯರಿಬ್ಬರು ನನ್ನ ವಿಷಯ ಮಾತಾಡುವಾಗ ನಾನು ತಟ್ಟೆ ನೋಡುವವಳು.

ಊಟವಾದ ಮೇಲೆ ಅಮ್ಮ ಅವರನ್ನು ಕಾರಿನವರೆಗೆ ಬಿಡಲು ಹೋದಳು. ನಾನು ಮೇಲಿನ ಕಿಟಕಿಯಿಂದ ನೋಡಿದೆ. ಕಾರಿನ ಬಾಗಿಲು ತೆರೆದಿತ್ತು, ಒಳಗಿನ ದೀಪ ಹತ್ತಿಕೊಂಡಿತ್ತು. ಅಮ್ಮ ಚಳಿಗೆ ತೋಳು ಕಟ್ಟಿ ನಿಂತಿದ್ದಳು, ಮಿಸ್ ಕಾರ್ಡಿಗನ್ನಿನ ತೋಳುಗಳನ್ನು ಅಂಗೈಗೆ ಎಳೆದುಕೊಂಡು ಕೇಳುತ್ತಿದ್ದರು. ತುಂಬಾ ಹೊತ್ತು ಮಾತಾಡಿದರು. ಕಿಟಕಿ ತೆರೆದರೆ ಕೇಳಿಸುತ್ತಿತ್ತು. ಕಿಟಕಿ ತೆರೆಯಬಾರದು ಎಂಬುದು ಅಭ್ಯಾಸವಾಗಿಬಿಟ್ಟಿತ್ತು.

ಶುಕ್ರವಾರ ಶಾಲೆಗೆ ಬಿಡುವಾಗ ಅಮ್ಮ ಸ್ಟಿಯರಿಂಗ್ ನೋಡುತ್ತಲೇ ಹೇಳಿದಳು. "ಕಾರ್ಕ್‌ಗೆ ಆಗಲ್ಲ ಅಂದ್ಬಿಟ್ಟೆ."

ಯಾಕೆ ಎಂದು ಕೇಳಿದೆ.

"ನಿನ್ ಪ್ರಾಜೆಕ್ಟ್ ಇದ್ಯಲ್ಲ. ಕೆಡ್ಸಿದ್ದು ನಾನು. ನೀನು ಮುಗ್ಸು. ಸ್ಕೀಮು ಮುಂದಿನ್ ವರ್ಷನೂ ಬರುತ್ತೆ, ಇಟ್ಸ್ ಗ್ರ್ಯಾಂಡ್."

ಗ್ರ್ಯಾಂಡ್ ಎಂಬುದನ್ನು ಅಮ್ಮ ಈ ದೇಶದಲ್ಲಿ ಮೊದಲು ಕಲಿತಳು. ಪರವಾಗಿಲ್ಲ ಎಂಬುದಕ್ಕೂ, ಇನ್ನು ಇದರ ಬಗ್ಗೆ ಮಾತು ಬೇಡ ಎಂಬುದಕ್ಕೂ ಅದೇ. ನಾನು ಕಾರಿನಿಂದ ಇಳಿದೆ. ನನಗೆ ಪ್ರಾಜೆಕ್ಟ್ ಬೇಡ ಎಂದು ಅಲ್ಲೇ ಹೇಳಬಹುದಿತ್ತು ಎಂದು ಓದುವವರಿಗೆ ಅನ್ನಿಸಬಹುದು. ಅಮ್ಮ ನನಗಾಗಿ ಒಂದು ಬಾಗಿಲು ಮುಚ್ಚಿ ಬಂದಿದ್ದಾಳೆ, ಆ ಬಾಗಿಲಿನ ಈಚೆ ನಿಂತು ನನಗೆ ಈ ಕೋಣೆಯೇ ಬೇಡ ಎನ್ನುವುದು ಹೇಗೆ?

ಪಕ್ಕದ ಮನೆಯವಳಿಗೆ ಅದು ಸುಲಭವಾಯಿತು. ಮತ್ತೆ ಮೊದಲಿನಿಂದ ಎಂದು ಕೇಳಿದ ಕೂಡಲೇ ಅವಳು ಮಿಸ್ ಎದುರಿಗೇ, ಸಾರಿ ಮಿಸ್, ನನಗೆ ಇದು ಬೋರಾಗಿದೆ, ಮೀಟರ್ ಬೇಕಾದರೆ ನಮ್ಮ ಮನೆಯಲ್ಲೇ ಇರಲಿ, ಇವಳು ಬಂದು ನೋಡಿಕೊಂಡು ಹೋಗಲಿ ಎಂದಳು. ಮಿಸ್ ಬೇಸರ ಮಾಡಿಕೊಳ್ಳಲಿಲ್ಲ. ಸರಿ ಎಂದರು. ಇಷ್ಟೇನೇ ಎಂದು ನಾನು ಅವಳನ್ನೇ ನೋಡುತ್ತಿದ್ದೆ.

ಮೇ ತಿಂಗಳಲ್ಲಿ ಧೈರ್ಯ ಮಾಡಿದೆ. ಶಾಲೆ ಬಿಟ್ಟ ಮೇಲೆ ಲ್ಯಾಬಿಗೆ ಹೋದೆ. ಬಿಟ್ಟುಬಿಡುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಮಿಸ್ ಬೆನ್ನು ತಿರುಗಿಸಿ ಬೀಕರುಗಳನ್ನು ಕಪಾಟಿಗೆ ಇಡುತ್ತಿದ್ದರು. ಹೆಜ್ಜೆಯಿಂದಲೇ ನಾನೆಂದು ತಿಳಿದಿರಬೇಕು. ಶಾಲೆಯೊಳಗೆ ಮೊದಲ ಮತ್ತು ಕೊನೆಯ ಸಲ ಅವರು ನನ್ನೊಡನೆ ಕನ್ನಡದಲ್ಲಿ ಮಾತಾಡಿದರು.

"ನಿಮ್ಮಮ್ಮ ನಿನಗೋಸ್ಕರ ಇಲ್ಲೇ ಉಳ್ಕೊಂಡ್ರು. ಗೊತ್ತಲ್ವಾ ನಿಂಗೆ?"

ಗೊತ್ತು ಮಿಸ್ ಎಂದೆ. ಬಂದ ದಾರಿಯಲ್ಲೇ ವಾಪಸು ಹೋದೆ. ಎಷ್ಟೋ ಸಲ ಈ ವಾಕ್ಯವನ್ನು ಬೇರೆ ಬೇರೆ ದನಿಯಲ್ಲಿ ಓದಿ ನೋಡಿದ್ದೇನೆ. ಮರುಕದಲ್ಲಿ ಓದಬಹುದು. ಎಚ್ಚರಿಕೆಯಾಗಿ ಓದಬಹುದು. ತಮ್ಮ ತಪ್ಪನ್ನು ಹೇಳಿಕೊಳ್ಳಲು ಹೊರಟ ಒಬ್ಬರು ಅರ್ಧಕ್ಕೆ ನಿಲ್ಲಿಸಿದಂತೆಯೂ ಓದಬಹುದು. ಬೆನ್ನು ತಿರುಗಿಸಿದ್ದರು, ಮುಖ ನೋಡಿಲ್ಲ.

ಆಗಸ್ಟಿನ ಕೊನೆಗೆ ಶಾಲೆ ತೆರೆದಾಗ ಅವರು ಇರಲಿಲ್ಲ. ಬೇರೆ ಊರಿನ ಶಾಲೆಯಲ್ಲಿ ಕಾಯಂ ಕೆಲಸ ಸಿಕ್ಕಿತಂತೆ. ಕಾರ್ಕ್‌ನಲ್ಲಿ ಎಂದು ನನ್ನ ನೆನಪು. ನಮ್ಮನ್ನು ಇಲ್ಲಿ ಉಳಿಸಿ ತಾವು ಕಾರ್ಕ್‌ಗೆ ಹೋದರು ಎಂದರೆ ಕಥೆ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ, ಅದಕ್ಕೇ ನಾನು ಅದನ್ನು ನಂಬುವುದಿಲ್ಲ. ಲಿಮರಿಕ್ ಅನ್ನುತ್ತಾಳೆ ಅಮ್ಮ. ಹೋಗುವಾಗ ಅಮ್ಮನಿಗೆ ಫೋನ್ ಮಾಡಿ ಹೇಳಿದ್ದರಂತೆ, ಹುಡುಗಿ ಮುಗಿಸಲಿ, ಬಿಡಬೇಡಿ ಎಂದಿದ್ದರಂತೆ. ಹೊಸ ಟೀಚರು ನಮ್ಮ ಯೋಜನೆ ನೋಡಿ ಗ್ರ್ಯಾಂಡ್, ಹೀಗೇ ಮುಂದುವರಿಸು ಎಂದರು. ಆಮೇಲೆ ಅದರ ಬಗ್ಗೆ ಕೇಳಲಿಲ್ಲ.

ಮುಗಿಸಿದೆ. ಅಕ್ಟೋಬರು ಬಂತು, ಬಿಳಿ ಗೋಡೆ ಮತ್ತೆ ಕಪ್ಪಾಯಿತು, ಭಾನುವಾರದ ಪೆನ್ಸಿಲ್ಲು ಮತ್ತೆ ಓಡಿತು. ಮುಂದಿನ ಯುಗಾದಿಗೆ ಅಮ್ಮ ಅಡುಗೆಮನೆಯ ಗೋಡೆಗೆ ಒಂದು ಹಳೆಯ ಸೀರೆ ಇಳಿಬಿಟ್ಟು ಹಬ್ಬ ಮಾಡಿದಳು. ಆ ಸೀರೆಯೂ ಗಾಳಿಯ ದಾರಿ ಬದಲಿಸುತ್ತದೆ ಎಂದು ಹೇಳಲು ಆಗ ಯಾರೂ ಇರಲಿಲ್ಲ. ಮೂರನೆಯ ಚಳಿಗಾಲ ದೊಡ್ಡ ಪರೀಕ್ಷೆಗೆ ಓದುವ ವರ್ಷದಲ್ಲಿ ಬಿತ್ತು. ಶಾಲೆಯ ಹಜಾರದಲ್ಲಿ ಒಂದು ಪೋಸ್ಟರ್ ಅಂಟಿಸಿದೆ. ಹಬೆಯ ಪಾಲು ಇತ್ತು, ಗೋಡೆಯ ಪಾಲೂ ಇತ್ತು, ಎಷ್ಟೆಷ್ಟು ಎಂದು ಹೇಳಲು ಇಷ್ಟು ಸಾಲದು, ಎಂದು ಅದರಲ್ಲಿ ಬರೆದಿದ್ದೆ. ಏಜೆಂಟನಿಗೆ ಅದನ್ನು ತೋರಿಸುವ ಮೊದಲೇ ಮನೆ ಮಾರಾಟವಾಗಿ ನಾವು ಖಾಲಿ ಮಾಡಬೇಕಾಯಿತು.

ಸ್ಕೀಮು ಮುಂದಿನ ವರ್ಷ ಬರಲಿಲ್ಲ, ಅದರ ಮುಂದಿನ ವರ್ಷವೂ ಬರಲಿಲ್ಲ. ಅಮ್ಮ ಈಗಲೂ ರಿಜಿಸ್ಟ್ರಾರ್. ಅವಳು ಕೆಲಸ ಕಲಿಸಿದ ಹುಡುಗರು ಕನ್ಸಲ್ಟೆಂಟ್ ಆಗಿ ಬಂದು ಬೆಳಗಿನ ರೌಂಡ್ಸ್‌ನಲ್ಲಿ ಅವಳ ಮುಂದೆ ನಡೆಯುತ್ತಾರೆ.

ನಾನು ಈಗ ಡಬ್ಲಿನ್ ಪಕ್ಕದ ಟಾಲಾದ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ವರ್ಷಗಟ್ಟಲೆ ನಡೆಯುವ ಅಳತೆಗಳೇ ನನ್ನ ಕೆಲಸ. ಇವು ಕೆಡದೆ ಇರುವುದಿಲ್ಲ. ಕರೆಂಟು ಹೋಗುತ್ತದೆ, ಯಾರೋ ತೊಳೆಯುತ್ತಾರೆ, ಯಾರೋ ಸ್ವಿಚ್ ಆರಿಸುತ್ತಾರೆ. ಆ ದಿನದ ಎದುರಿಗೆ ಒಂದು ಗುರುತು ಹಾಕಿ ಮುಂದುವರಿಯುತ್ತೇವೆ. ಮೊದಲಿಂದ ಶುರು ಮಾಡುವುದಿಲ್ಲ. ಗೋಡೆ ಒರೆಸಿದ್ದು ಯುಗಾದಿಗೆ, ಚಳಿಗಾಲ ಆಗಲೇ ಮುಗಿಯುತ್ತಾ ಬಂದಿತ್ತು. ಬೇಕಾದ ಅಂಚುಗಳೆಲ್ಲ ಪೇಪರಿನ ಮೇಲೆ ಇದ್ದವು. ಆಮೇಲೆ ಬೂಷ್ಟು ಎಷ್ಟು ಬೇಗ ಮರಳುತ್ತದೆ ಎಂಬುದೂ ಒಂದು ಒಳ್ಳೆಯ ಅಳತೆಯಾಗುತ್ತಿತ್ತು. ಅದೂ ಅಲ್ಲದೆ ಕಾರ್ಕ್‌ನ ಮನೆಯಲ್ಲಿ ಬೇರೆ ಪ್ರಶ್ನೆ ಕೇಳಬಹುದಿತ್ತು. ಇದು ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೇಲೆ, ಸಹೋದ್ಯೋಗಿಯೊಬ್ಬ ಊಟದ ಹೊತ್ತಿನಲ್ಲಿ ಏನೋ ಹೇಳುತ್ತಿದ್ದಾಗ. ನಾನು ಊಟ ಬಿಟ್ಟು ಎದ್ದು ಹೊರಗೆ ಹೋಗಿ ನಿಂತೆ.

ಮಿಸ್‌ಗೆ ಇದು ಗೊತ್ತಿರಲಿಲ್ಲವೇ? ಫಿಸಿಕ್ಸ್ ಓದಿದವರು. ಏನು ಕೆಡಬಹುದು ಎಂದು ಮಕ್ಕಳಿಂದ ಹೇಳಿಸುತ್ತಿದ್ದವರು. ಗೊತ್ತಿದ್ದೂ ಮತ್ತೆ ಮೊದಲಿಂದ ಎಂದರೆ, ಯಾಕೆ? ಹೆಡ್‌ಮಾಸ್ಟರಿಗೆ ತೋರಿಸಲು ಮುಂದಿನ ವರ್ಷಕ್ಕೂ ಒಂದು ಕೆಲಸ ಬೇಕಿತ್ತೇ? ಹಬ್ಬದ ಊಟಕ್ಕೆ ಒಂದು ಮನೆ ಬೇಕಿತ್ತೇ? ಅಥವಾ ಆ ಗೋಡೆಯ ಮುಂದೆ ಸುಮ್ಮನೆ ಬಾಯಿಗೆ ಬಂದ ಮಾತೇ, ತಿದ್ದಿಕೊಳ್ಳುವಷ್ಟರಲ್ಲಿ ಅಮ್ಮ ಅದನ್ನು ಹೊತ್ತುಕೊಂಡುಬಿಟ್ಟಳೇ?

ಕಾರಿನ ಹತ್ತಿರ ಏನು ಮಾತಾಡಿದಿರಿ ಎಂದು ಅಮ್ಮನನ್ನು ಹಿಂದೆಯೂ ಕೇಳಿದ್ದೇನೆ. ಒಂದು ಸಲ, ಒಬ್ಬಟ್ಟಿನ ಹೂರಣ ಹೇಗೆ ಎಂದು ಕೇಳಿದರು ಎಂದಿದ್ದಳು. ಇನ್ನೊಂದು ಸಲ, ಮೈಸೂರಿನ ವಿಷಯ ಏನೋ ಎಂದಿದ್ದಳು. ಫೋಟೊ ಬಂದ ದಿನ ಫೋನಿನಲ್ಲಿ ನೇರವಾಗಿ ಕೇಳಿದೆ.

"ಕಾರ್ಕ್ ವಿಷಯ ಅವತ್ತು ಅವರಿಗೆ ಹೇಳಿದ್ಯಾ ಅಮ್ಮ?"

"ಹೇಳಿದ್ದೆ ಅನ್ಸುತ್ತೆ ಕಣೇ." ಆ ಕಡೆ ಆಸ್ಪತ್ರೆಯ ಟ್ರಾಲಿಯ ಸದ್ದು ಹಾದುಹೋಯಿತು. "ಇಲ್ವೇನೋ. ಹೇಳಿದ್ರೆ ಅವರು ಹೋಗಿ ಅಂತಿದ್ರು ಅಲ್ವಾ?"

ಮೇ ತಿಂಗಳ ಹೊತ್ತಿಗೆ ಅವರಿಗೆ ಗೊತ್ತಿತ್ತು ಎಂಬುದು ಮಾತ್ರ ನನ್ನ ಹತ್ತಿರ ಇದೆ. ಮಾರ್ಚಿನಲ್ಲಿ ಕಾರಿನ ಬಾಗಿಲು ತೆರೆದು ನಿಂತಾಗ, ಶುಕ್ರವಾರಕ್ಕೆ ಇನ್ನೂ ಸಮಯವಿದ್ದಾಗ, ಅವರಿಗೆ ಗೊತ್ತಿತ್ತೇ ಎಂಬುದು ನನಗೆ ಗೊತ್ತಿಲ್ಲ. ಗೊತ್ತಿದ್ದ ಒಬ್ಬರು ಇಲ್ಲ, ಇರುವ ಒಬ್ಬಳಿಗೆ ನೆನಪಿಲ್ಲ.